ಭೂಮಿತಾಯಿಗೆ ಮೂರು ದಿನ ರಜೆ

ಪ್ರಶ್ನೆ: ನಾನು ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದು ಒಂಬತ್ತು ವರ್ಷ, ಕೋಥರೂಡಿನಲ್ಲಿ ಮನೆ. ದೂರಶಿಕ್ಷಣದಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುತ್ತಿದ್ದೇನೆ. 'ಪರಿಸರ ಸ್ತ್ರೀವಾದ' ಎಂಬ ಪಾಠದಲ್ಲಿ ಹೆಣ್ಣಿಗೂ ಪ್ರಕೃತಿಗೂ ವಿಶೇಷ ನಂಟಿದೆ ಎಂದು ಓದಿದೆ. ಅದೇ ವಾರ ನಮ್ಮ ಹೌಸಿಂಗ್ ಸೊಸೈಟಿಯವರು 'ಇದೆಲ್ಲ ಹೆಂಗಸರಿಗೇ ಚೆನ್ನಾಗಿ ತಿಳಿಯೋದು' ಎಂದು ನನ್ನನ್ನು ಹಸಿರು ಸಮಿತಿಗೆ ಹಾಕಿದರು. ಈಗ ಕಸ ಬೇರ್ಪಡಿಸುವುದು, ಗೊಬ್ಬರದ ಡಬ್ಬಿ ನೋಡಿಕೊಳ್ಳುವುದು, ಬಟ್ಟೆಚೀಲ ಒಗೆದಿಡುವುದು ಎಲ್ಲ ನನ್ನ ಪಾಲಿಗೆ. ಪ್ಯಾಡ್ ಬಿಟ್ಟು ಬಟ್ಟೆಗೆ ಮರಳಬೇಕು ಅಂತ ಗೆಳತಿಯರು ಬೇರೆ ಹೇಳುತ್ತಾರೆ. ಆ ಬಟ್ಟೆಯಿಂದ ಪಾರಾಗಲು ನನ್ನಮ್ಮ ಎಷ್ಟು ಪಾಡುಪಟ್ಟಳು ಅಂತ ನನಗೆ ಗೊತ್ತು. ಇದು ಸ್ತ್ರೀವಾದವೋ, ಹಸಿರು ಬಣ್ಣ ಬಳಿದ ಹಳೇ ಚಾಕರಿಯೋ?

ಉತ್ತರ: ನಿಮ್ಮ ಸೊಸೈಟಿ ಮಾಡಿರುವುದು ಚಾಕರಿಯನ್ನೇ, ಅನುಮಾನ ಬೇಡ. ಪಾಠದಲ್ಲಿ ಓದಿದ್ದು ಸುಳ್ಳಲ್ಲ, ಆದರೆ ಅರ್ಧ. ಉಳಿದ ಅರ್ಧ ಹೇಳದೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ನಿಮ್ಮ ಅಡುಗೆಮನೆಯ ಗೊಬ್ಬರದ ಡಬ್ಬಿಯೇ ಸಾಕ್ಷಿ.

ನಾನು ಕಾರ್ಕಳದ ಕಡೆಯವಳು. ಪುಣೆಯ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸಿ ಈಗ ನಿವೃತ್ತಳು. ನಮ್ಮೂರಿನ ಒಂದು ಆಚರಣೆಯಿಂದ ಶುರುಮಾಡುತ್ತೇನೆ. ತುಳುನಾಡಿನಲ್ಲಿ ಫೆಬ್ರವರಿಯ ಹೊತ್ತಿಗೆ ಕೆಡ್ಡಸ ಬರುತ್ತದೆ. ಆ ಮೂರು ದಿನ ಭೂಮಿತಾಯಿ ಮುಟ್ಟಾಗಿರುತ್ತಾಳೆ ಎಂದು ನಂಬಿಕೆ. ಉಳುವಂತಿಲ್ಲ, ಅಗೆಯುವಂತಿಲ್ಲ, ಹಸಿರು ಕಡಿಯುವಂತಿಲ್ಲ. ಕೊನೆಯ ದಿನ ಮನೆಯೊಡತಿ ತುಳಸಿಕಟ್ಟೆಯ ಬಳಿ ಸೆಗಣಿ ಸಾರಿಸಿ, ಎಣ್ಣೆ, ಸೀಗೆ ಇಟ್ಟು ಭೂಮಿಗೆ ಮೀಯಿಸುತ್ತಾಳೆ. ಹುರಿದ ಅಕ್ಕಿಯ ಹಿಟ್ಟಿಗೆ ಬೆಲ್ಲ, ತೆಂಗಿನಕಾಯಿ ಬೆರೆಸಿ ಎಲ್ಲರೂ ತಿನ್ನುತ್ತಾರೆ. ಮುಂಬೈಯ ತುಳುವರ ಮನೆಗಳಲ್ಲಿ ಉಳುವ ನೆಲವಿಲ್ಲದಿದ್ದರೂ ಆ ತಿನಿಸನ್ನು ಮಾತ್ರ ಬಿಡದವರಿದ್ದಾರೆ. ನಿಮ್ಮ ಧಾರವಾಡದ ಕಡೆ ಸೀಗೆ ಹುಣ್ಣಿಮೆಗೆ ತುಂಬಿದ ಹೊಲವನ್ನು ಬಸುರಿಯೆಂದು ಕರೆದು ಚರಗ ಚೆಲ್ಲುತ್ತೀರಲ್ಲ, ಇದು ಅದರ ಅಕ್ಕ ಅನ್ನಿ.

ಚೆಂದದ ಕಲ್ಪನೆ. ನನಗೆ ಇವತ್ತಿಗೂ ಇಷ್ಟ. ಆದರೆ ನನ್ನ ಅಜ್ಜಿ ಮುಟ್ಟಾದಾಗ ಏನಾಗುತ್ತಿತ್ತು? ಒಳಗೆ ಕಾಲಿಡುವಂತಿಲ್ಲ, ಬಾವಿ ಮುಟ್ಟುವಂತಿಲ್ಲ. ಹಾಗಂತ ರಜೆಯೂ ಇಲ್ಲ. ಹಟ್ಟಿಗೆ ಸೊಪ್ಪು ತರುವುದು, ಗುಡ್ಡೆಯಿಂದ ತರಗೆಲೆ ಹೊರುವುದು ಆ ಮೂರೂ ದಿನ ಅವಳದೇ, ಏಕೆಂದರೆ ಅದು ಹೊರಗಿನ ಕೆಲಸ. ಭೂಮಿ ಮುಟ್ಟಾದರೆ ನೇಗಿಲಿಗೆ ವಿರಾಮ, ಅಜ್ಜಿ ಮುಟ್ಟಾದರೆ ಅಡುಗೆಮನೆಗೆ ಮಾತ್ರ ವಿರಾಮ.

ಹೆಣ್ಣನ್ನು ಭೂಮಿಗೆ ಹೋಲಿಸುವ ಮಾತು ಬಂದಾಗೆಲ್ಲ ನನಗೆ ಆ ತರಗೆಲೆಯ ಹೆಡಿಗೆ ನೆನಪಾಗುತ್ತದೆ. ನಾವು ಹೊಗಳುವುದನ್ನೇ ನೋಡಿ: 'ಭೂಮಿಯಷ್ಟು ತಾಳ್ಮೆ', 'ಕ್ಷಮಯಾ ಧರಿತ್ರೀ'. ಹೊಗಳಿದ ಬೆನ್ನಿಗೇ ಇನ್ನೊಂದು ಹೊರೆ ಏರುತ್ತದೆ. ಪುಣೆಯ ಮುಳಾ-ಮುಠಾ ನದಿಗೂ ನಾವು ಆರತಿ ಎತ್ತುತ್ತೇವೆ, ಅದೇ ನೀರಿಗೆ ಊರಿನ ಚರಂಡಿಯನ್ನೂ ಬಿಡುತ್ತೇವೆ. ತಾಯಿ ಏನನ್ನೂ ಬೇಡ ಅನ್ನುವುದಿಲ್ಲ ಎಂಬ ಧೈರ್ಯ.

ಈಗ ನಿಮ್ಮ ಪಾಠಕ್ಕೆ ಬರೋಣ. 'ಪರಿಸರ ಸ್ತ್ರೀವಾದ' ಎಂಬ ಹೆಸರು ಕೊಟ್ಟವಳು ಫ್ರಾನ್ಸಿನ ಲೇಖಕಿ ಫ್ರಾನ್ಸ್ವಾಸ್ ದೋಬೋನ್, 1974ರಲ್ಲಿ. ಹೆಣ್ಣಿನ ಬಸಿರಿನ ಮೇಲೂ ನೆಲದ ಫಲವತ್ತತೆಯ ಮೇಲೂ ಯಜಮಾನಿಕೆ ನಡೆಸುವ ಕೈ ಒಂದೇ ಎಂಬುದು ಅವಳ ವಾದ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಮೆರಿಕದ ಮಾನವಶಾಸ್ತ್ರಜ್ಞೆ ಶೆರ್ರಿ ಆರ್ಟ್ನರ್ ಬೇರೊಂದು ಪ್ರಶ್ನೆ ಎತ್ತಿದಳು: ಹೆಣ್ಣು ಪ್ರಕೃತಿಗೆ ಹತ್ತಿರ, ಗಂಡು ಸಂಸ್ಕೃತಿಗೆ ಹತ್ತಿರ ಎಂದು ಇಷ್ಟೊಂದು ಸಮಾಜಗಳು ನಂಬುವುದೇಕೆ? ಹೆಣ್ಣಿನ ಜಾಗ ಕೆಳಗಿಡುವುದಕ್ಕೆ ಆ ನಂಬಿಕೆ ಅನುಕೂಲ, ಅದು ಜನ ಕಟ್ಟಿದ್ದೇ ಹೊರತು ಹುಟ್ಟಿನಿಂದ ಬಂದದ್ದಲ್ಲ ಎಂಬ ಕಡೆಗೆ ಅವಳ ಉತ್ತರ ವಾಲುತ್ತದೆ. ನಿಮ್ಮ ಸೊಸೈಟಿಯ ಕಾರ್ಯದರ್ಶಿ ಇದನ್ನು ಓದಿದ್ದರೆ ಚೆನ್ನಾಗಿತ್ತು.

1974ರ ಮಾರ್ಚ್ 26ರಂದು ಹಿಮಾಲಯದ ಗಢವಾಲದ ರೇಣಿ ಎಂಬ ಹಳ್ಳಿಯಲ್ಲಿ, ಪ್ಯಾರಿಸ್ಸಿನ ಪುಸ್ತಕದ ಸುದ್ದಿಯೇ ಇಲ್ಲದ ಗೌರಾದೇವಿ ಇಪ್ಪತ್ತೇಳು ಜನ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಮರ ಕಡಿಯುವವರಿಗೆ ಅಡ್ಡ ನಿಂತಳು. 'ಈ ಕಾಡು ನಮ್ಮ ತವರು' ಅಂದಳಂತೆ. ತಾಯಿ ಅನ್ನಲಿಲ್ಲ, ತವರು ಅಂದಳು ಅನ್ನುವುದನ್ನು ಗಮನಿಸಿ. ಕಷ್ಟ ಬಂದರೆ ಹೋಗಿ ನಿಲ್ಲುವ ಜಾಗ, ಕೈಹಿಡಿಯುವ ಜಾಗ. ಸೌದೆ, ಮೇವು, ಮದ್ದಿನ ಬೇರು ಎಲ್ಲ ಅಲ್ಲಿಂದ. ಆ ದಿನ ಊರ ಗಂಡಸರೆಲ್ಲ ಜಮೀನಿನ ಪರಿಹಾರದ ಹಣ ಪಡೆಯಲು ಚಮೋಲಿಗೆ ಹೋಗಿದ್ದರು. ಈ ವಿವರವನ್ನು ಸ್ಮಾರಕ ಭಾಷಣಗಳಲ್ಲಿ ಹಾರಿಸಿಬಿಡುತ್ತಾರೆ. ನನಗೆ ಮಾತ್ರ ಇಡೀ ಕಥೆಯ ಬೀಗದಕೈ ಅದೇ ಅನ್ನಿಸುತ್ತದೆ: ಪರಿಹಾರದ ಕಾಗದ ಗಂಡಸರ ಹೆಸರಿಗೆ, ಸೌದೆಯ ಹೊರೆ ಹೆಂಗಸರ ತಲೆಗೆ. 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಶುರುವಾದ ನಮ್ಮ ಅಪ್ಪಿಕೋ, ಅಂದರೆ ಮರ ಅಪ್ಪಿಕೊಂಡು ಕಾಡು ಉಳಿಸುವ ಚಳವಳಿ, ಚಿಪ್ಕೋ ಎಂದು ಹೆಸರಾದ ಈ ಹೋರಾಟದ ಜಾಡಿನದು.

ಮುಂದೆ ನಮ್ಮಲ್ಲಿ ಎರಡು ದಾರಿ ಕವಲೊಡೆದವು. ಪರೀಕ್ಷೆಯಲ್ಲಿ ಕೇಳುವುದೂ ಇದನ್ನೇ. 1988ರಲ್ಲಿ ವಂದನಾ ಶಿವ ಬರೆದದ್ದು ಹೀಗೆ: ಪಶ್ಚಿಮದಿಂದ ಬಂದ ವಿಜ್ಞಾನ ಮತ್ತು ಅಭಿವೃದ್ಧಿ ನಿಸರ್ಗವನ್ನು ಜಡವಸ್ತು ಮಾಡಿತು, ಹೆಣ್ಣಿನ ಜ್ಞಾನವನ್ನು ಅಜ್ಞಾನ ಮಾಡಿತು. ಬೀಜ ಕಾಪಿಡುವ, ನೀರು ಕಾಯುವ ಹೆಂಗಸಿನಲ್ಲಿ 'ಪ್ರಕೃತಿ' ಎಂಬ ಸ್ತ್ರೀತತ್ವ ಉಳಿದಿದೆ. 1992ರಲ್ಲಿ ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಇದಕ್ಕೆ ಮರುಮಾತು ಬರೆದರು. ಯಾವ ಹೆಂಗಸು? ಹತ್ತು ಎಕರೆಯ ಗೌಡತಿಯೋ, ಅವಳ ಹೊಲದಲ್ಲಿ ಕಳೆ ಕೀಳುವವಳೋ? ಎಲ್ಲದಕ್ಕೂ ಬ್ರಿಟಿಷರೇ ಕಾರಣವಾದರೆ ಅದಕ್ಕೂ ಮೊದಲಿದ್ದ ಜಾತಿಯ ಲೆಕ್ಕ ಎಲ್ಲಿಟ್ಟಿರಿ? ಕಾಡಿನೊಂದಿಗೆ ಹೆಣ್ಣಿನ ನಂಟು ಹುಟ್ಟುವುದು ಯಾರು ಯಾವ ಕೆಲಸ ಮಾಡುತ್ತಾರೆ, ಆಸ್ತಿ ಯಾರದು, ತೀರ್ಮಾನ ಯಾರದು ಎಂಬುದರಿಂದ. ಉದಾಹರಣೆಗಳು ನನ್ನವು, ವಾದದ ಹುರುಳು ಅವರದು.

ನಾನು ಅಗರ್ವಾಲರ ಪಕ್ಷ. ಮುಚ್ಚಿಡುವುದೇಕೆ? ಆದರೂ ಶಿವ ಅವರ ಬಗ್ಗೆ ಒಂದು ಮಾತು: ಹೆಂಗಸರ ದಿನನಿತ್ಯದ ದುಡಿಮೆಯಲ್ಲಿ ಜ್ಞಾನವಿದೆ ಎಂದು ಅಷ್ಟು ಗಟ್ಟಿಯಾಗಿ ಹೇಳಿದವರು ಆಗ ಕಡಿಮೆ. ಅದನ್ನು ನಾನು ಒಪ್ಪಿಕೊಂಡದ್ದು ಪುಸ್ತಕ ಓದಿ ಅಲ್ಲ, ನಮ್ಮ ಬಿಲ್ಡಿಂಗಿನ ಗೇಟಿನ ಬಳಿ ನಿಂತು.

ನಮ್ಮಲ್ಲಿಗೆ ಕಸಕ್ಕೆ ಬರುವಾಕೆ ಅಫಜಲಪುರದ ಕಡೆಯವಳು. ನನ್ನ ಜೊತೆ ಕನ್ನಡ, ವಾಚ್‌ಮನ್ ಜೊತೆ ಮರಾಠಿ, ಭಂಗಾರ್ (ಗುಜರಿ) ಅಂಗಡಿಯವನ ಜೊತೆ ದಖನಿ. ಎಂಟು ಗಂಟೆಗೆ ಪಾರ್ಕಿಂಗಿನ ಮೂಲೆಯಲ್ಲಿ ತಾಡಪತ್ರಿ ಹಾಸಿ ಕೂರುತ್ತಾಳೆ. ಓಲಾ-ಸುಕಾ, ಅಂದರೆ ಹಸಿ-ಒಣ, ನಾವು ಬೇರೆ ಮಾಡಿ ಕೊಟ್ಟೆವು ಅಂದುಕೊಂಡಿರುತ್ತೇವೆ. ನಿಜವಾದ ಕೆಲಸ ಶುರುವಾಗುವುದು ಅಲ್ಲಿ. ಹಾಲಿನ ಪೊಟ್ಟಣ ಒಂದು ಕಡೆ, ಅದಕ್ಕೆ ಒಳ್ಳೆಯ ರೇಟು. ಡಬ್ಬಿಯನ್ನು ಹೆಬ್ಬೆರಳಿಂದ ಒತ್ತುತ್ತಾಳೆ. ಚಟಚಟ ಅಂದರೆ ಒಂದು ಜಾತಿ, ಮೆತ್ತಗೆ ಒಳಸರಿದರೆ ಇನ್ನೊಂದು. ಬಿಸ್ಕತ್ತಿನ ಹೊಳಪಿನ ಕಾಗದವನ್ನು ನೋಡದೆಯೇ ಪಕ್ಕಕ್ಕೆ ಎಸೆಯುತ್ತಾಳೆ, ಅದನ್ನು ಯಾರೂ ಕೊಳ್ಳುವುದಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ಅರ್ಧ ದಿನ ಹಿಡಿಯುವ ವಿಂಗಡಣೆ ಇವಳ ಬೆರಳಿಗೆ ಇಪ್ಪತ್ತು ನಿಮಿಷದ್ದು. ಇದನ್ನು ಸ್ತ್ರೀತತ್ವ ಅಂದರೆ ಅವಳು ನಕ್ಕಾಳು. ಹೊಟ್ಟೆಪಾಡಿಗೆ ಕಲಿತ ವಿದ್ಯೆ.

ಪುಣೆಯ ಈ ಹೆಂಗಸರ ಚರಿತ್ರೆ ನಿಮ್ಮ ಪಠ್ಯದಲ್ಲಿ ಇದ್ದೇ ಇರಬೇಕಿತ್ತು. 1972ರ ಬರದಲ್ಲಿ ಮರಾಠವಾಡದ ಊರುಗಳಿಂದ ಹೊರಟು ಬಂದ ಕುಟುಂಬಗಳಲ್ಲಿ ಅನೇಕರು ಇಲ್ಲಿ ಕಸ ಆಯುವ ಕೆಲಸಕ್ಕೆ ಬಿದ್ದರು. ಬಹುಪಾಲು ದಲಿತರು, ಬಹುಪಾಲು ಹೆಂಗಸರು. ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ವಿಭಾಗದವರು ಅಕ್ಷರ ಕಲಿಸಲು ಹೋದಾಗ ಇವರ ಕೊರಗು ಬೇರೆಯೇ ಇತ್ತು: ತಿಪ್ಪೆಯಲ್ಲಿ ಕೊಳೆತದ್ದರ ನಡುವೆ ಕೈಯಾಡಿಸುವ ಬದಲು ಒಣ ಕಸ ಮನೆಯಲ್ಲೇ ಬೇರೆಯಾಗಿ ಸಿಕ್ಕರೆ ಸಾಕು. 1993ರಲ್ಲಿ 'ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್' ಎಂಬ ಸಂಘ ಹುಟ್ಟಿತು. ಹಮಾಲರನ್ನು ಸಂಘಟಿಸಿದ ಬಾಬಾ ಆಢಾವ್ ಬೆನ್ನಿಗೆ ನಿಂತರು. ಅದರಿಂದ ಮೂಡಿದ 'ಸ್ವಚ್ಛ್' ಸಹಕಾರಿ ಸಂಘ 2008ರಲ್ಲಿ ಪಾಲಿಕೆಯೊಂದಿಗೆ ಕರಾರು ಮಾಡಿಕೊಂಡು ಮನೆಮನೆ ಕಸ ಸಂಗ್ರಹಕ್ಕೆ ಇಳಿಯಿತು. ಕಸ ಆಯುವವರೇ ಅದರ ಒಡೆಯರು. ನೀವು ಹಸಿ-ಒಣ ಎಂದು ಬೇರೆ ಮಾಡುವುದನ್ನು ಯಾರೋ ವಿದೇಶದಿಂದ ತಂದ ಶಿಸ್ತು ಎಂದುಕೊಂಡಿದ್ದರೆ, ಈ ಊರಲ್ಲಿ ಅದನ್ನು ಮೊದಮೊದಲು ಬೇಡಿಕೆಯಾಗಿ ಮುಂದಿಟ್ಟವರು ಇವರು. ಮುಂಬೈಯಲ್ಲೂ ಹೀಗೆಯೇ: 1975ರಲ್ಲಿ ಹುಟ್ಟಿದ ಸ್ತ್ರೀ ಮುಕ್ತಿ ಸಂಘಟನೆ ವರದಕ್ಷಿಣೆ, ಕೌಟುಂಬಿಕ ಹಿಂಸೆಯ ವಿರುದ್ಧ ಕೆಲಸ ಮಾಡುತ್ತಲೇ 1998ರ ಹೊತ್ತಿಗೆ ಕಸ ಆಯುವ ಹೆಂಗಸರ ನಡುವೆ 'ಪರಿಸರ ವಿಕಾಸ' ಎಂಬ ಕೆಲಸಕ್ಕೆ ಬಂತು. ಹೆಸರಿನಲ್ಲೇ ಸ್ತ್ರೀಮುಕ್ತಿಯುಳ್ಳ ಸಂಘ ಕಸದ ರಾಶಿಯ ಬಳಿ ಬಂದು ನಿಂತದ್ದು ಆಕಸ್ಮಿಕವಲ್ಲ. (ನಿಪ್ಪಾಣಿಯ ತಂಬಾಕು ಕಾರ್ಮಿಕ ಹೆಂಗಸರ ಬಗ್ಗೆ ಬರೆದ ಛಾಯಾ ದಾತಾರ್ ಕೂಡ ಆಮೇಲೆ ಪರಿಸರ ಸ್ತ್ರೀವಾದದ ಕಡೆಗೇ ಬಂದರು. ನಮ್ಮ ಗಡಿಯ ಊರು, ನೋಡಿಡಿ, ಪ್ರಬಂಧಕ್ಕೆ ಬೇಕಾದೀತು.)

ಈಗ ಪ್ಯಾಡು. ಇದನ್ನು ನೀವು ಕೊನೆಗೆ ಸಂಕೋಚದಿಂದ ಸೇರಿಸಿದಂತಿದೆ. ನನಗೆ ಇದೇ ಮುಖ್ಯ ಪ್ರಶ್ನೆ.

ನಿಮ್ಮಮ್ಮನ ಕಾಲದ ಬಟ್ಟೆ ನನಗೂ ಗೊತ್ತು. ಹಳೇ ಸೀರೆಯ ತುಂಡು, ಕತ್ತಲಲ್ಲಿ ಒಗೆತ, ಹಾಸಿಗೆಯ ಕೆಳಗೋ ಬೇರೆ ಸೀರೆಯ ಮರೆಯಲ್ಲೋ ಒಣಗಿಸುವುದು. ಪ್ಯಾಡು ಬಂದಾಗ ಹುಡುಗಿಯರು ಶಾಲೆಗೆ, ಕೆಲಸಕ್ಕೆ ಹೋಗುವುದು ಸುಲಭವಾಯಿತು. 2018ರ ಜುಲೈಯಲ್ಲಿ ಅದರ ಮೇಲಿನ ಶೇ. 12ರ ಜಿಎಸ್‌ಟಿ ತೆಗೆದಾಗ ನಾವೆಲ್ಲ ಹೆಣ್ಣಿನ ಗೆಲುವು ಎಂದು ಸಂಭ್ರಮಿಸಿದೆವು. ಗೆಲುವೇ ಹೌದು. ಆದರೆ ಪೇಟೆಯ ಮಾಮೂಲಿ ಪ್ಯಾಡಿನಲ್ಲಿ ಸೋರದಿರಲು ಕೆಳಗೊಂದು ಪ್ಲಾಸ್ಟಿಕ್ ಹಾಳೆ, ಹೀರಿಕೊಳ್ಳಲು ಒಳಗೆ ಪಾಲಿಮರ್ ಪುಡಿ, ಮೇಲೆ ಸಿಂಥೆಟಿಕ್ ಹೊದಿಕೆ. ಅದು ಕೊಳೆಯುವುದಿಲ್ಲ, ಮರುಬಳಕೆಗೆ ಬರುವುದಿಲ್ಲ, ಶಾಲೆಗಳಲ್ಲಿ ಇಡುವ ಸಣ್ಣ ಯಂತ್ರದಲ್ಲಿ ಅರೆಬರೆ ಸುಟ್ಟರೆ ವಿಷದ ಹೊಗೆ. ನಾವು ಅದನ್ನು ಪೇಪರಿನಲ್ಲಿ ಸುತ್ತಿ, ಕಪ್ಪು ಚೀಲಕ್ಕೆ ಹಾಕಿ, ಹಸಿ ಕಸದ ಅಡಿಯಲ್ಲಿ ತುರುಕಿ ಮರೆತುಬಿಡುತ್ತೇವೆ. ಅಫಜಲಪುರದವಳು ಆ ಚೀಲವನ್ನು ಬರಿಗೈಯಲ್ಲಿ ಹರಿಯುತ್ತಾಳೆ.

ಒಂದು ಸಲ ಅವಳು ಕೇಳಿದ್ದು ಇಷ್ಟೇ: "ಯಕ್ಕಾ, ಇದು ಒಳಗದ ಅಂತ ಮೊದ್ಲೇ ಗೊತ್ತಾದ್ರ ಕೈ ಹಾಕೂದಿಲ್ರಿ. ಕೈ ತೊಳ್ಕೊಳ್ಳಾಕ ನೀರರ ಕೊಡ್ರಿ."

ಒಬ್ಬ ಹೆಣ್ಣಿನ ನಾಚಿಕೆಯನ್ನು ಇನ್ನೊಬ್ಬ ಹೆಣ್ಣು ಬೆರಳಲ್ಲಿ ಬಿಚ್ಚುವುದು. ಭೂಮಿತಾಯಿಯ ಮುಟ್ಟಿಗೆ ಎಣ್ಣೆ, ಸೀಗೆ ಇಟ್ಟ ನಮ್ಮ ಮನೆತನದವಳು ನಾನು. ನಾನೂ ವರ್ಷಗಟ್ಟಲೆ ಹೀಗೇ ತುರುಕಿದ್ದೇನೆ.

ಪುಣೆಯ ಕಸದ ಹೆಂಗಸರು ಇದಕ್ಕೆ ಎರಡು ಉತ್ತರ ಕಂಡುಕೊಂಡರು. ಒಂದು, ಪೇಪರಿನಲ್ಲಿ ಸುತ್ತಿ ಮೇಲೊಂದು ಕೆಂಪು ಚುಕ್ಕೆ ಹಾಕಿ ಬೇರೆಯಾಗಿ ಕೊಡಿ ಎಂಬ ಅಭಿಯಾನ. ಸ್ಕೆಚ್‌ಪೆನ್ನಿನ ಒಂದು ಚುಕ್ಕೆ ಸಾಕು, ಕೈ ಹಾಕುವವಳಿಗೆ ತಿಳಿಯುತ್ತದೆ. ಎರಡನೆಯದು ಇನ್ನೂ ಖಾರದ್ದು: 2013ರಲ್ಲಿ ಬಳಸಿದ ಪ್ಯಾಡುಗಳ ಚೀಲಗಳನ್ನು ತಯಾರಕ ಕಂಪನಿಗಳ ವಿಳಾಸಕ್ಕೇ ಕಳಿಸಿದರು. ನಿಮ್ಮ ಮಾಲು, ನೀವೇ ನೋಡಿಕೊಳ್ಳಿ. 2016ರ ಘನತ್ಯಾಜ್ಯ ನಿಯಮಗಳಲ್ಲಿ, ಪ್ಯಾಡ್ ಮತ್ತು ಡೈಪರ್ ತಯಾರಕರು ಎಸೆಯಲು ಬೇಕಾದ ಪೊಟ್ಟಣವನ್ನು ಜೊತೆಗೇ ಕೊಡಬೇಕು, ಬಳಸಿದವರು ಭದ್ರವಾಗಿ ಸುತ್ತಿ ಒಣ ಕಸದ ಜೊತೆ ಕೊಡಬೇಕು ಎಂಬ ಮಾತು ಬಂತು. ಸ್ತ್ರೀವಾದವೂ ಪರಿಸರವೂ ಸೇರುವ ಜಾಗ ತೋರಿಸಿ ಅಂದರೆ ನಾನು ಕಾಡಿಗೂ ಮುಂಚೆ ಈ ಚುಕ್ಕೆಯನ್ನು ತೋರಿಸುತ್ತೇನೆ.

ಹಾಗಾದರೆ ಬಟ್ಟೆಗೆ ಮರಳಬೇಕೆ? ನಿಮಗೆ ನಲ್ಲಿ ಇದೆ, ವಾಷಿಂಗ್ ಮೆಷಿನ್ ಇದೆ, ಬಿಸಿಲು ಬೀಳುವ ಬಾಲ್ಕನಿ ಇದೆ. ಈಗಿನ ಹೊಲಿದ ಬಟ್ಟೆಪ್ಯಾಡು, ವರ್ಷಗಟ್ಟಲೆ ಬರುವ ಸಿಲಿಕೋನಿನ ಮುಟ್ಟಿನ ಬಟ್ಟಲು (ಕಪ್), ಯಾವುದು ಮೈಗೆ ಹೊಂದುತ್ತದೋ ನೋಡಿ. ಹೊಂದದಿದ್ದರೆ ಬಿಡಿ, ಚುಕ್ಕೆ ಹಾಕಿ ಕೊಡಿ. ಗೆಳತಿಯರ ಮುಂದೆ ತಪ್ಪಿತಸ್ಥಳಂತೆ ನಿಲ್ಲಬೇಡಿ. ಆದರೆ ಈ ಉಪದೇಶವನ್ನು ಎಲ್ಲ ಹೆಂಗಸರಿಗೂ ಹಂಚಲು ಹೊರಟರೆ ನಾನು ಅಡ್ಡ ಬರುತ್ತೇನೆ. ಹತ್ತಡಿ-ಹತ್ತಡಿಯ ಖೋಲಿಯಲ್ಲಿ, ಮೂರು ಮನೆಗೆ ಒಂದೇ ಹಗ್ಗದ ಚಾಳಿನಲ್ಲಿ, ಬಟ್ಟೆ ಎಲ್ಲಿ ಒಗೆಯುವುದು, ಎಲ್ಲಿ ಒಣಗಿಸುವುದು?

ಅದಕ್ಕೇ ಪ್ಯಾಡಿನ ಮಾತು ನೀರಿನ ಮಾತಾಗುತ್ತದೆ. ಮುಂಬೈಗೆ ವಿಹಾರ್, ತುಳಸಿ, ತಾನ್ಸಾ, ಭಾತ್ಸಾ ಮೊದಲಾದ ಏಳು ಜಲಾಶಯಗಳಿಂದ ನೀರು ಬರುತ್ತದೆ. ಕಲಬುರಗಿ, ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಹೋದ ನಮ್ಮವರು ಕಟ್ಟಿದ ಟವರಿನ ಮೂವತ್ತನೇ ಮಹಡಿಗೂ ಏರುತ್ತದೆ. ಅವರದೇ ಜೋಪಡಿಗೆ ಬರುವುದಿಲ್ಲ. 2000ದ ಜನವರಿ 1ರ ನಂತರ ಎದ್ದ ಜೋಪಡಿಗಳಿಗೆ ನೀರಿನ ಸಂಪರ್ಕವೇ ಇಲ್ಲ ಎಂಬ ಕಟ್ಟುಪಾಡಿತ್ತು. ಪಾಣೀ ಹಕ್ ಸಮಿತಿ ಹೈಕೋರ್ಟಿಗೆ ಹೋಯಿತು. ಮನೆ ಅಕ್ರಮವಾದರೂ ನೀರು ಬದುಕುವ ಹಕ್ಕಿನ ಭಾಗ ಎಂದು 2014ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ತೀರ್ಪು ಬಂದ ಮಾತ್ರಕ್ಕೆ ಕೊಡ ತುಂಬುವುದಿಲ್ಲವಷ್ಟೆ. ರಾತ್ರಿ ಎರಡಕ್ಕೆ ನಲ್ಲಿ ಬಿಟ್ಟರೆ ಎದ್ದು ಕೊಡ ಹಿಡಿಯುವವಳು ಯಾರು, ಮರುದಿನ ತೂಕಡಿಸುತ್ತ ಕೆಲಸಕ್ಕೆ ಹೋಗುವವಳು ಯಾರು ಎಂದು ಬೇರೆ ಹೇಳಬೇಕಿಲ್ಲ.

ಹಸಿರಿನ ಹೆಸರಲ್ಲೂ ಇದೇ ಆಗಬಹುದು ಎಂಬುದಕ್ಕೆ ಅಗರ್ವಾಲರ ಅಧ್ಯಯನಗಳಲ್ಲಿ ಒಂದು ಪಾಠವಿದೆ. ಹಳ್ಳಿಯ ಅರಣ್ಯ ಸಮಿತಿಗಳು ಕಾಡು ಬೆಳೆಯಲಿ ಎಂದು ಸೌದೆಗೆ ನಿಷೇಧ ಹೇರಿದವು. ಕಾಡು ಬೆಳೆಯಿತು. ಆದರೆ ತೀರ್ಮಾನ ಮಾಡಿದ ಗಂಡಸರ ಮನೆಯ ಒಲೆ ಆರಲಿಲ್ಲ. ಹೆಂಗಸರು ಇನ್ನೂ ದೂರ ನಡೆದರು, ಕದ್ದರು, ದಂಡ ಕಟ್ಟಿದರು, ಸೌದೆಯ ಬದಲು ಬೆರಣಿ, ಪುಳ್ಳೆ ಉರಿಸಿ ಹೊಗೆ ಕುಡಿದರು. ಒಳ್ಳೆಯ ಪರಿಸರ ಯೋಜನೆ, ಕೆಟ್ಟ ಲೆಕ್ಕ.

ನೆಲದ ವಿಚಾರ ಒಂದೇ ಸಾಲಿನಲ್ಲಿ ಮುಗಿಸುತ್ತೇನೆ, ಹೇಳುತ್ತ ಹೋದರೆ ನನಗೆ ಸಿಟ್ಟು ಬರುತ್ತದೆ. ಭೂಮಿತಾಯಿ ಅನ್ನುವ ದೇಶದಲ್ಲಿ 2015-16ರ ಕೃಷಿ ಗಣತಿಯ ಪ್ರಕಾರ ಸಾಗುವಳಿ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ ಸುಮಾರು 14. ಕರ್ನಾಟಕ, ಮಹಾರಾಷ್ಟ್ರ ಎರಡರಲ್ಲೂ 1994ರಿಂದ, ದೇಶಕ್ಕೆಲ್ಲ 2005ರಿಂದ ಪಿತ್ರಾರ್ಜಿತದಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಸಮಪಾಲಿನ ಕಾನೂನಿದ್ದೂ ಹೀಗೆ. ಧಾರವಾಡಕ್ಕೆ ಹೋದಾಗ ನಿಮ್ಮ ತವರಿನ ಹೊಲದ ಉತಾರ (ಪಹಣಿ) ಒಮ್ಮೆ ತೆಗೆಸಿ ನೋಡಿ, ಸುಮ್ಮನೆ.

ಇನ್ನು ನಿಮ್ಮ ಸಮಿತಿ. ರಾಜೀನಾಮೆ ಕೊಡಬೇಡಿ. ಸಮಿತಿಯಲ್ಲಿರುವುದು ತಪ್ಪಲ್ಲ, ಸಮಿತಿಯೆಂದರೆ ನೀವೊಬ್ಬರೇ ಆಗಿರುವುದು ತಪ್ಪು. ಗೊಬ್ಬರದ ಡಬ್ಬಿಗೆ ಮನೆಯವರ ಹೆಸರಿನಲ್ಲಿ ವಾರದ ಪಾಳಿ ಹಾಕಿ, ಗಂಡನ ಹೆಸರು ಮೊದಲು. ಮೂಗು ಮುಚ್ಚಿಕೊಂಡರೂ ತಿರುವಲಿ, ಯಾರೂ ಸತ್ತಿಲ್ಲ. ಸೊಸೈಟಿಯ ಸಭೆಯಲ್ಲಿ 'ಹೆಂಗಸರಿಗೆ ಸಹಜವಾಗಿ ಬರುತ್ತದೆ' ಎಂದವರನ್ನು, ಅದು ಸಹಜವಾಗಿ ಬರುವುದಾದರೆ ಖರ್ಚಿನ ಚೆಕ್ಕಿಗೆ ಸಹಿ ಮಾಡುವ ಅಧಿಕಾರವೂ ಸಹಜವಾಗಿ ಬರಲಿ ಎಂದು ಕೇಳಿ. ಮತ್ತೆ, ಕಸಕ್ಕೆ ಬರುವಾಕೆಯನ್ನು ಆ ಸಭೆಗೆ ಕರೆಯಿರಿ. ಕುರ್ಚಿ ಹಾಕಿ. ಯಾವ ಡಬ್ಬಿ ಎಲ್ಲಿಡಬೇಕು ಎಂದು ಅವಳಿಗಿಂತ ಚೆನ್ನಾಗಿ ಹೇಳುವವರು ಆ ಕೋಣೆಯಲ್ಲಿ ಇರುವುದಿಲ್ಲ. ಲಿಫ್ಟು ಅವಳಿಗೂ ತೆರೆದಿದೆಯೇ ಎಂದು ಅದೇ ಹೊತ್ತಿಗೆ ವಿಚಾರಿಸಿ.

ನಮ್ಮ ಬಿಲ್ಡಿಂಗಿನಲ್ಲಿ ಅವಳು ಕೇಳಿದ್ದ ನೀರಿಗೆ, ಗೇಟಿನ ಪಕ್ಕ ಒಂದು ನಲ್ಲಿಗೆ, ಹದಿನಾಲ್ಕು ತಿಂಗಳು ಹಿಡಿಯಿತು. ನೀರು ಪೋಲಾಗುತ್ತದೆ ಅಂದರು. ಬೇರೆಯವರೂ ಬಂದು ತೊಳೆದುಕೊಳ್ಳುತ್ತಾರೆ ಅಂದರು. ಕಟ್ಟಡದ ಮುಂಭಾಗದ ಅಂದ ಕೆಡುತ್ತದೆ ಎಂದೂ ಒಬ್ಬರು ಅಂದರು, ಅವರು ಪ್ರತಿ ಭಾನುವಾರ ಪೈಪು ಹಿಡಿದು ಕಾರು ತೊಳೆಯುವವರು. ಕೊನೆಗೆ ಪ್ಲಂಬರ್ ಬಂದು ಕೂಡಿಸಿದ್ದಕ್ಕೆ ಮುಕ್ಕಾಲು ಗಂಟೆ. ಈಗ ಅವಳು ಕೆಲಸ ಮುಗಿಸಿ ಮೊಣಕೈವರೆಗೆ ತೊಳೆದುಕೊಂಡು, ತಾಡಪತ್ರಿ ಮಡಚಿ, ಅದೇ ಕಟ್ಟೆಯ ಮೇಲೆ ಕೂತು ರೊಟ್ಟಿ ಬಿಚ್ಚುತ್ತಾಳೆ. ಸೋಪು ಮಾತ್ರ ಎರಡು ದಿನಕ್ಕೊಮ್ಮೆ ಕಾಣೆಯಾಗುತ್ತದೆ. ಯಾರು ಒಯ್ಯುತ್ತಾರೋ ತಿಳಿದಿಲ್ಲ, ನಾನು ಒಂದು ಡಜನ್ ತಂದಿಟ್ಟಿದ್ದೇನೆ.